ಬುಸ್ ಅನ್ನೋ ಮರಿ ಮಡಿಲಿಗೆ ಬರೋದು ಯಾವಾಗ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಬೆಕ್ಕಿಂದೇ, ಅದರಲ್ಲೂ ಸಾಕಿದ ಬೆಕ್ಕಲ್ಲ, ಮನುಷ್ಯರನ್ನ ಕಂಡ್ರೆ ಮಾರು ದೂರ ಓಡೋ ಬೀದಿ ಬೆಕ್ಕು ಮತ್ತು ಅದರ ಮರಿಗಳದ್ದು. ಹಾಗಾಗಿ ನಾಯಿ, ಗಿಳಿ, ಮೀನಿನ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ಮೇಡಂ, ನಮ್ಮ ಮೆಟ್ಟಿಲ ಕೆಳಗೆ ಒಂದು ಬೆಕ್ಕು ನಾಲ್ಕು ಮರಿ ಹಾಕಿದೆ. ಈಗ ಓಡಾಡ್ತಿವೆ, ಹತ್ರ ಹೋದ್ರೆ ಅಂಗೈಯಷ್ಟೂ ಇಲ್ಲದ ಮರಿ ಕೂಡ ಬೆನ್ನು ಬಿಲ್ಲು ಮಾಡ್ಕೊಂಡು ಬುಸ್ ಅನ್ನುತ್ತೆ. ಇವನ್ನ ಒಳಗೆ ತಂದು ಪಳಗಿಸಿ ಯಾರಿಗಾದ್ರೂ ಕೊಡೋಕೆ ಆಗುತ್ತಾ? ಈಗ್ಲೇ ತಂದ್ರೆ ತಾಯಿಯಿಂದ ಕಿತ್ಕೊಂಡ ಪಾಪ ಸುತ್ಕೊಳ್ಳುತ್ತಾ?

ಉತ್ತರ: ಆಗುತ್ತೆ, ಆದ್ರೆ ನಿಮ್ಮ ಹತ್ರ ಟೈಮ್ ಜಾಸ್ತಿ ಇಲ್ಲ. ಬೆಕ್ಕಿನ ಮರಿಗೆ ಸುಮಾರು 2ನೇ ವಾರದಿಂದ 7ನೇ ವಾರದವರೆಗೆ ಒಂದು ಅವಧಿ ಇರುತ್ತೆ, ಆಗ ಕಂಡಿದ್ದು, ಮುಟ್ಟಿದ್ದು, ಕೇಳಿದ್ದನ್ನೆಲ್ಲ ಅದು 'ಇದು ಮಾಮೂಲು, ಇದಕ್ಕೆ ಹೆದರಬೇಕಿಲ್ಲ' ಅಂತ ತಲೇಲಿ ಬರ್ಕೊಂಡುಬಿಡುತ್ತೆ. ಆ ಟೈಮಲ್ಲಿ ಮನುಷ್ಯರ ಕೈ ತಾಗಿದ ಮರಿಗೆ ಮನುಷ್ಯರು ಮಾಮೂಲು, ತಾಗದೇ ಇರೋ ಮರಿಗೆ ನಾವು ದೊಡ್ಡ ಪ್ರಾಣಿ, ತಿನ್ನೋಕೆ ಬಂದಿರೋದು, ಅಷ್ಟೇ. 7 ವಾರ ಆಯ್ತು ಅಂದ ತಕ್ಷಣ ಬಾಗಿಲು ಮುಚ್ಚಿಹೋಗಲ್ಲ, ನಿಧಾನಕ್ಕೆ ಮುಚ್ಚುತ್ತಾ ಹೋಗುತ್ತೆ. 8 ವಾರದೊಳಗಿನ ಮರಿ ಸಾಮಾನ್ಯವಾಗಿ ಕೆಲವು ದಿನದಲ್ಲೋ ಒಂದೆರಡು ವಾರದಲ್ಲೋ ಹೊಂದ್ಕೊಳ್ಳುತ್ತೆ, 3 ತಿಂಗಳದ್ದಕ್ಕೆ ವಾರಗಟ್ಟಲೆ ಬೇಕು, 4 ತಿಂಗಳು ದಾಟಿದ್ದು ಆ ಮರಿಯ ಸ್ವಭಾವದ ಮೇಲೆ, ನಿಮ್ಮ ತಾಳ್ಮೆ ಮೇಲೆ.

ಹಾಗಾಗಿ ಮೊದಲು ವಯಸ್ಸು ಅಂದಾಜು ಮಾಡಿ. ಕಣ್ಣು ಬಿಡೋದು ಹೆಚ್ಚುಕಮ್ಮಿ 7ರಿಂದ 14 ದಿನಕ್ಕೆ. ಕಿವಿ ನೆಟ್ಟಗೆ ನಿಂತು ತೂರಾಡ್ಕೊಂಡು ನಡೆಯೋದು 3 ವಾರಕ್ಕೆ. ಒಂದರ ಮೇಲೊಂದು ಬಿದ್ದು ಕುಸ್ತಿ ಆಡ್ತಿವೆ ಅಂದ್ರೆ 4-5 ವಾರ ಆಗಿದೆ ಅಂತ. ಎಲ್ಲಾ ಮರಿಗೂ ಹುಟ್ಟಿದಾಗ ಕಣ್ಣು ನೀಲಿ ಇರುತ್ತೆ, ಆ ನೀಲಿ ಹೋಗಿ ಹಸಿರೋ ಹಳದಿಯೋ ಆಗೋಕೆ ಶುರುವಾಗಿದ್ರೆ 6-7 ವಾರ. ಅಡುಗೆಮನೆ ತಕ್ಕಡಿ ಇದ್ರೆ ಇನ್ನೂ ಸುಲಭ, ಹುಟ್ಟಿದಾಗ ಸುಮಾರು 100 ಗ್ರಾಂ, ಆಮೇಲೆ ವಾರಕ್ಕೆ ಹತ್ತಿರಹತ್ತಿರ 100 ಗ್ರಾಂ ಏರುತ್ತೆ.

ನಿಮ್ಮ ಮರಿಗಳು ಓಡ್ತಿವೆ ಅಂದ್ರಿ, ಹಾಗಾದ್ರೆ 4 ವಾರ ದಾಟಿರ್ಬೇಕು. ಇದು ತರೋಕೆ ಸರಿಯಾದ ಟೈಮು. ಪಾಪ ಪುಣ್ಯದ ವಿಷಯಕ್ಕೆ ಬಂದ್ರೆ, ಎಲ್ಲಕ್ಕಿಂತ ಒಳ್ಳೇದು ತಾಯಿನೂ ಜೊತೆಗೇ ಹಿಡಿದು ಒಂದೇ ರೂಮಲ್ಲಿ ಇಡೋದು, ಅವಳು ನಿಮ್ಮನ್ನ ಮುಟ್ಟಿಸ್ಕೊಳ್ಳಲ್ಲ, ಅಡ್ಡಿಯಿಲ್ಲ, ಮರಿಗಳಿಗೆ ಹಾಲು ಕುಡಿಸ್ತಾಳೆ, ನೀವು ಮರಿಗಳ ಜೊತೆ ಕೆಲಸ ಮಾಡಿ. ಆದ್ರೆ ಕೆಲವು ತಾಯಂದಿರು ನೀವು ಬಂದಾಗೆಲ್ಲ ಗುರ್ ಅಂದು ಮರಿಗಳಿಗೂ ಅದೇ ಪಾಠ ಹೇಳ್ಕೊಡ್ತಾರೆ, ಅಂಥ ತಾಯಿ ಆದ್ರೆ ಮರಿಗಳು ತಾವಾಗೇ ತಿನ್ನೋಕೆ ಕಲಿತ ಮೇಲೆ, ಅಂದ್ರೆ 5-6 ವಾರಕ್ಕೆ ಬೇರೆ ಮಾಡೋದು ವಾಸಿ. ಅಣ್ಣತಮ್ಮಂದಿರನ್ನ ಮಾತ್ರ ಒಂಟಿಯಾಗಿ ಬೇರೆಬೇರೆ ಇಡ್ಬೇಡಿ, ಎಷ್ಟು ಜೋರಾಗಿ ಕಚ್ಚಿದ್ರೆ ನೋವಾಗುತ್ತೆ ಅನ್ನೋದನ್ನ ಮರಿ ಕಲಿಯೋದು ಇನ್ನೊಂದು ಮರಿಯಿಂದ. ನಾಲ್ಕನ್ನ ಎರಡೆರಡಾಗಿ ಇಡಿ, ಅತಿ ಪುಕ್ಕಲನ್ನ ಅತಿ ಧೈರ್ಯಸ್ಥನ ಜೊತೆ ಹಾಕಿ. ನಾಲ್ಕೂ ಒಟ್ಟಿಗಿದ್ರೆ ಒಂದು ಬುಸ್ ಅಂದ್ರೆ ಮಿಕ್ಕ ಮೂರೂ ಬುಸ್ ಅಂತವೆ.

ಇನ್ನು ತಾಯಿ. ಮರಿ ಹಾಲು ಬಿಡೋದ್ರೊಳಗೇ ಅವಳು ಮತ್ತೆ ಬಸುರಿ ಆಗಿರಬಹುದು, ಬೆಕ್ಕಿನ ಗರ್ಭ ಎರಡು ತಿಂಗಳ ಮೇಲೆ ಕೆಲವೇ ದಿನ. ಮರಿ ಎತ್ಕೊಂಡು ತಾಯಿನ ಹಾಗೇ ಬಿಟ್ರೆ ಮುಂದಿನ ಸಲ ಇದೇ ಮೆಟ್ಟಿಲ ಕೆಳಗೆ ಇನ್ನೂ ನಾಲ್ಕು ಇರುತ್ತೆ. ಮತ್ತೆ ಮರಿ ಆಗದ ಹಾಗೆ ಮಾಡೋ ಆಪರೇಷನ್ನಿಗೆ ಅವಳ ಡೇಟ್ ಮೊದಲು ತಗೊಳ್ಳಿ, ಮರಿಗಳಿಗೆ ಹೆಸರಿಡೋದು ಆಮೇಲೆ.

ಪ್ರಶ್ನೆ: ದಿನಾ ಸಂಜೆ ಒಂದು ದೊಡ್ಡ ಗಂಡು ಬೆಕ್ಕು ಬಂದು ನಾನಿಟ್ಟಿದ್ದು ತಿಂದು ಹೋಗ್ತಾನೆ. ತಿಂಗಳುಗಳಾದ್ರೂ ಮುಟ್ಟೋಕೆ ಬಿಡಲ್ಲ. ಒಳಗೆ ತಂದು ಪ್ರೀತಿಯಿಂದ ನೋಡ್ಕೊಂಡ್ರೆ ಬದಲಾಗಲ್ವಾ?

ಉತ್ತರ: ಆಗ್ಲೂಬಹುದು, ಆಗದೇನೂ ಇರಬಹುದು. ಅವನು ಯಾವ ಜಾತಿಯ ಹೆದರಿಕೆಯವನು ಅನ್ನೋದು ಮುಖ್ಯ. ಒಂದು ಕಾಲಕ್ಕೆ ಮನೇಲಿದ್ದು ಬೀದಿ ಪಾಲಾದ ಬೆಕ್ಕು ಬೇರೆ, ಹುಟ್ಟಾ ಮನುಷ್ಯರ ಕೈ ತಾಗದೇ ಬೆಳೆದ ಬೆಕ್ಕು ಬೇರೆ. ದೂರದಿಂದ ನೋಡಿದ್ರೆ ಎರಡೂ ಒಂದೇ ಥರ ಓಡ್ತವೆ, ಬೋನಲ್ಲಿ ಹಾಕಿದ್ರೆ ಮೊದಲ ದಿನ ಎರಡೂ ಒಂದೇ ಥರ ಗೋಡೆಗೆ ಅಂಟ್ಕೊಂಡು ಕೂತಿರ್ತವೆ, ಆದ್ದರಿಂದ ಮೊದಲ ದಿನ ಯಾವ ತೀರ್ಮಾನಕ್ಕೂ ಬರಬೇಡಿ.

ಸಣ್ಣಪುಟ್ಟ ಸುಳಿವು ಇರುತ್ತೆ ನೋಡಿ. ನಿಮ್ಮನ್ನ ಕಂಡಾಗ ಬಾಲ ನೆಟ್ಟಗೆ ಮೇಲೆತ್ತಿ ಬರ್ತಾನಾ? ನಿಮ್ಮ ಮುಖ ನೋಡಿ ಮಿಯಾಂವ್ ಅಂತಾನಾ? ಹಗಲಲ್ಲಿ ಬರ್ತಾನಾ? ಹೌದಾದ್ರೆ ಒಂದು ಕಾಲದಲ್ಲಿ ಯಾರೋ ಸಾಕಿದ್ದ ಬೆಕ್ಕು ಇರಬಹುದು. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನೋದು ಕಡಿಮೆ, ಅದು ಬಹಳಮಟ್ಟಿಗೆ ಮನುಷ್ಯರಿಗೆ ಅಂತಲೇ ಇಟ್ಕೊಂಡಿರೋ ಸದ್ದು. ಅದೇ ನೆಲಕ್ಕೆ ಮೈಯೊತ್ತಿ, ಸದ್ದಿಲ್ಲದೆ, ನೀವು ಒಳಗೆ ಹೋದ ಮೇಲೆ ಕತ್ತಲಲ್ಲಿ ಮಾತ್ರ ಬಂದು ತಿನ್ನೋನಾದ್ರೆ ಹುಟ್ಟಾ ಹೊರಗಿನವನು ಇರಬಹುದು. ಕಿವಿ ನೋಡಿ, ಒಂದು ಕಿವಿ ತುದಿ ನೇರವಾಗಿ ಕತ್ತರಿಸಿದ ಹಾಗಿದ್ರೆ ಯಾರೋ ಹಿಡಿದು ಆಪರೇಷನ್ ಮಾಡ್ಸಿ ವಾಪಸ್ ಬಿಟ್ಟಿದ್ದಾರೆ ಅಂತ ಅರ್ಥ, ಅದು ಗಾಯ ಅಲ್ಲ. ಮುಖ ದಪ್ಪಗೆ ಕೆನ್ನೆ ಊದಿದ ಹಾಗಿದ್ರೆ ಇನ್ನೂ ಆಪರೇಷನ್ ಆಗಿಲ್ಲದೇ ಇರಬಹುದು.

ಹುಟ್ಟಾ ಹೊರಗೇ ಬೆಳೆದ, ವರ್ಷಗಟ್ಟಲೆ ವಯಸ್ಸಿನ ಬೆಕ್ಕನ್ನ ನಾಲ್ಕು ಗೋಡೆ ಮಧ್ಯೆ ತಂದು ಕೂಡಿ ಹಾಕೋದು ಪ್ರೀತಿ ಅಂತ ನನಗೆ ಅನ್ಸಲ್ಲ, ಕೋಪ ಮಾಡ್ಕೋಬೇಡಿ. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಅಂತೀವಲ್ಲ, ಅದು ಗಾದೆ ಮಾತಾಗಿ ಉಳೀಲಿ, ನಿಮ್ಮ ಮನೇಲಿ ನಿಜವಾಗೋದು ಬೇಡ. ಅಂಥವನಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅಂದ್ರೆ ಹಿಡಿದು ಆಪರೇಷನ್, ರೇಬೀಸ್ ಲಸಿಕೆ ಮಾಡ್ಸಿ, ಅವನ ಜಾಗಕ್ಕೇ ವಾಪಸ್ ಬಿಟ್ಟು, ಹೊತ್ತೊತ್ತಿಗೆ ಊಟ ನೀರು ಇಟ್ಟು, ಮಳೆಗಾಳಿಗೆ ಒಂದು ಮುಚ್ಚಿದ ಪೆಟ್ಟಿಗೆ ಇಡೋದು. ಆಪರೇಷನ್ ಆದ ಮೇಲೆ ಗಂಡು ಬೆಕ್ಕು ಅಲೆಯೋದು, ಜಗಳ ಆಡೋದು ಸಾಮಾನ್ಯವಾಗಿ ಕಮ್ಮಿ ಆಗುತ್ತೆ, ಕೆಲವರು ಮೆಲ್ಲಗೆ ಬಾಗಿಲ ಹತ್ರ ಬಂದು ಮಲಗೋಕೂ ಶುರು ಮಾಡ್ತಾರೆ, ಅದು ಅವರಾಗೇ ತಗೊಂಡ ತೀರ್ಮಾನ ಆದ್ರೆ ಸಂತೋಷ.

ಹಿಡಿಯೋದು ಹೇಗೆ ಅಂದ್ರೆ, ಕೈಯಿಂದ ಖಂಡಿತ ಅಲ್ಲ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅನ್ನೋದಕ್ಕಿಂತ ಬೆಕ್ಕನ್ನ ಬೋನಿಗೆ ಹಾಕೋರು ಯಾರು ಅನ್ನೋದೇ ದೊಡ್ಡ ಪ್ರಶ್ನೆ. ತುಳಿದ್ರೆ ಬಾಗಿಲು ಬೀಳೋ ಬೋನು ಬರುತ್ತೆ, ಪ್ರಾಣಿಗಳ ಕೆಲಸ ಮಾಡೋ ಸಂಘದವರ ಹತ್ರ ಕೇಳಿ. ಬಾಗಿಲು ಬೀಳದ ಹಾಗೆ ಕಟ್ಟಿ ಕೆಲವು ದಿನ ಅದರೊಳಗೇ ಊಟ ಇಡಿ, ಆಪರೇಷನ್ ಹಿಂದಿನ ದಿನ ಕಟ್ಟು ಬಿಚ್ಚಿ. ಬೆಕ್ಕು ಸಿಕ್ಕಿದ ಕ್ಷಣ ಇಡೀ ಬೋನಿನ ಮೇಲೆ ದಪ್ಪ ಬಟ್ಟೆ ಮುಚ್ಚಿ, ಕತ್ತಲಾದ್ರೆ ಒದ್ದಾಟ ನಿಲ್ಲುತ್ತೆ. 'ಪಾಪ, ನೋಡೋಣ' ಅಂತ ಬಾಗಿಲು ಒಂದಿಂಚೂ ತೆಗೀಬೇಡಿ.

ಪ್ರಶ್ನೆ: ಮೂರು ತಿಂಗಳ ಹೆಣ್ಣು ಮರಿನ ಫಾಸ್ಟರ್ ಮಾಡ್ತೀನಿ, ಅಂದ್ರೆ ಖಾಯಂ ಮನೆ ಸಿಗೋವರೆಗೆ ನೋಡ್ಕೊಳ್ತೀನಿ ಅಂತ ತಂದೆ. ಬಂದ ದಿನವೇ ವಾಷಿಂಗ್ ಮೆಷಿನ್ ಹಿಂದೆ ನುಗ್ಗಿದ್ದು ಇವತ್ತಿಗೂ ಅಲ್ಲೇ. ರಾತ್ರಿ ನಾವು ಮಲಗಿದ ಮೇಲೆ ಬಂದು ತಿಂದು ಹೋಗುತ್ತೆ. ಕೈ ಹಾಕಿದ್ರೆ ಬುಸ್, ಪರಚು. ನಾನು ಏನು ತಪ್ಪು ಮಾಡ್ತಿದ್ದೀನಿ?

ಉತ್ತರ: ಜಾಗ ದೊಡ್ಡದಾಯ್ತು ಅಷ್ಟೇ. ಹೆದರಿದ ಮರಿಗೆ ಇಡೀ ಮನೆ ಕೊಟ್ರೆ ಅದಕ್ಕೆ ಸಿಗೋದು ಸ್ವಾತಂತ್ರ್ಯ ಅಲ್ಲ, ಬಚ್ಚಿಟ್ಕೊಳ್ಳೋಕೆ ನೂರು ಸಂದು. ಚಿಕ್ಕ ರೂಮು, ಖಾಲಿ ಬಾತ್‌ರೂಮಾದ್ರೂ ಸರಿ, ಅಥವಾ ಒಂದು ದೊಡ್ಡ ಕೇಜ್. ಮೊದಲು ಅಲ್ಲಿರೋ ಸಂದುಗಳನ್ನ, ಮಂಚದಡಿಯನ್ನ, ಕಮೋಡ್ ಹಿಂಭಾಗವನ್ನ ರಟ್ಟಿಂದಲೋ ಹಳೇ ಟವೆಲಿಂದಲೋ ಮುಚ್ಚಿ, ಆಮೇಲೆ ಮರಿ ಬಿಡಿ. ಬಚ್ಚಿಟ್ಕೊಳ್ಳೋಕೆ ಜಾಗ ಇರ್ಬೇಕು, ಆದ್ರೆ ಅದು ನೀವು ಕೊಟ್ಟ ಜಾಗ ಆಗಿರ್ಬೇಕು, ನೀವು ಕೈ ಇಡಬಹುದಾದ ಜಾಗ. ಒಂದು ರಟ್ಟಿನ ಡಬ್ಬ ಅಡ್ಡ ಮಲಗಿಸಿ ಒಳಗೆ ಬಟ್ಟೆ ಹಾಕಿ, ಅಥವಾ ಬೆಕ್ಕನ್ನ ಒಯ್ಯೋ ಪೆಟ್ಟಿಗೆ, ಕ್ಯಾರಿಯರನ್ನೇ ಬಾಗಿಲು ತೆಗೆದು ಇಡಿ, ಆಗ ಡಾಕ್ಟ್ರ ಹತ್ರ ಹೋಗೋ ದಿನವೂ ಅದು ಅದರ ಹಾಸಿಗೆಯೇ ಆಗಿರುತ್ತೆ. 2014ರಲ್ಲಿ ನೆದರ್‌ಲ್ಯಾಂಡ್ಸಿನ ಒಂದು ಶೆಲ್ಟರಲ್ಲಿ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗೋ ಡಬ್ಬ ಕೊಟ್ಟು ಕೆಲವಕ್ಕೆ ಕೊಡದೆ ನೋಡಿದ್ರು, ಡಬ್ಬ ಸಿಕ್ಕವು ಮೊದಲ ಕೆಲವು ದಿನದಲ್ಲೇ ಬೇಗ ಸಮಾಧಾನಕ್ಕೆ ಬಂದವು. 'ಡಬ್ಬದಲ್ಲೇ ಕೂತಿರುತ್ತೆ, ತೆಗೆದುಬಿಡ್ಲಾ' ಅಂತ ಇನ್ನಿಬ್ಬರು ಕೇಳಿದ್ದಾರೆ, ತೆಗೀಬೇಡಿ ಅನ್ನೋದೇ ಅವರಿಗೂ ಉತ್ತರ.

ಈಗ ಮೆಷಿನ್ ಹಿಂದಿಂದ ತೆಗೆಯೋದು. ಕೈ ಹಾಕಬೇಡಿ. ಮೆಷಿನ್ ಪ್ಲಗ್ ಕಿತ್ತು, ಒಂದು ಕಡೆ ಮುಚ್ಚಿ, ಇನ್ನೊಂದು ಕಡೆ ಕ್ಯಾರಿಯರ್ ಬಾಯಿ ಇಟ್ಟು, ಮುಚ್ಚಿದ ಕಡೆಯಿಂದ ರಟ್ಟನ್ನ ಮೆಲ್ಲಗೆ ಸರಿಸ್ತಾ ಬನ್ನಿ, ಅದಕ್ಕೆ ಕತ್ತಲೆ ಗೂಡು ಕಂಡ್ರೆ ಅದೇ ನುಗ್ಗುತ್ತೆ.

ಚಿಕ್ಕ ರೂಮಿಗೆ ಬಂದ ಮೇಲೆ ಮೊದಲ ಒಂದೆರಡು ದಿನ ಸುಮ್ಮನಿರಿ. ಊಟ ಇಡಿ, ಲಿಟರ್ (ಬೆಕ್ಕು ಉಚ್ಚೆ, ಕಕ್ಕ ಮಾಡೋಕೆ ಬಾಕ್ಸಿಗೆ ಹಾಕೋ ಮರಳಿನಂಥದ್ದು) ತೆಗೀರಿ, ಬನ್ನಿ. ಆಮೇಲೆ ಶುರುವಾಗುತ್ತೆ ಕೆಲಸ, ಕೆಲಸ ಅಂದ್ರೆ ನೆಲದ ಮೇಲೆ ಕೂರೋದು. ನಿಂತ ಮನುಷ್ಯ ಮರಿಯ ಕಣ್ಣಿಗೆ ಮರದಷ್ಟೆತ್ತರ. ಅದರ ಕಡೆ ಮುಖ ಮಾಡದೆ ಪಕ್ಕಕ್ಕೆ ತಿರುಗಿ ಕೂತು ಫೋನಲ್ಲಿರೋದನ್ನ ಗಟ್ಟಿಯಾಗಿ ಓದಿ, ಏನಾದ್ರೂ ಸರಿ, ನನ್ನ ಪರಿಚಯದವರೊಬ್ಬರು ಕರೆಂಟ್ ಬಿಲ್ ಹಿಂದಿರೋ ನಿಯಮಗಳನ್ನೆಲ್ಲ ಓದಿ ಹೇಳ್ತಿದ್ರು. ನಿಮ್ಮ ದನಿ ಅದಕ್ಕೆ ಹಳತಾಗಬೇಕು. ದಿಟ್ಟಿಸಿ ನೋಡಬೇಡಿ, ಬೆಕ್ಕಿನ ಲೋಕದಲ್ಲಿ ಅದು ಜಗಳಕ್ಕೆ ಕರೆದ ಹಾಗೆ. ಕಣ್ಣು ಸಿಕ್ಕಿದ್ರೆ ನಿಧಾನಕ್ಕೆ ಅರ್ಧ ಮುಚ್ಚಿ ತೆಗೀರಿ. ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟಿಯವರು 2020ರಲ್ಲಿ ಇದನ್ನ ಪರೀಕ್ಷೆ ಮಾಡಿದ್ರು, ಹಾಗೆ ನಿಧಾನಕ್ಕೆ ಕಣ್ಣು ಮಿಟುಕಿಸಿದ ಅಪರಿಚಿತರ ಕೈ ಹತ್ರ ಬೆಕ್ಕುಗಳು ಬರೋದು, ಸುಮ್ಮನೆ ಮುಖ ಇಟ್ಕೊಂಡವರ ಹತ್ರ ಬರೋದಕ್ಕಿಂತ ಜಾಸ್ತಿ ಇತ್ತು.

ಇನ್ನು ನಿಮ್ಮ ಕೇಸಲ್ಲಿ ಬೇಗ ಬದಲಾಯಿಸಬೇಕಾದ್ದು ರಾತ್ರಿ ಊಟ. ಇಡೀ ದಿನ ತಟ್ಟೆ ತುಂಬಿದ್ರೆ ಅದಕ್ಕೆ ನಿಮ್ಮ ಅಗತ್ಯ ಇಲ್ಲ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪ, ವಾಸನೆ ಜೋರಿರೋ ಮೆತ್ತಗಿನ ಊಟ, ನೀವು ರೂಮಲ್ಲಿ ಕೂತಿರುವಾಗ ಮಾತ್ರ. ಮೊದಲು ತಟ್ಟೆ ದೂರ ಇರಲಿ, ನೀವು ಕೂತಿದ್ದಾಗ ತಿನ್ನೋಕೆ ಶುರು ಮಾಡಿದ್ರೆ ದಿನಾ ಒಂದು ಗೇಣು ಹತ್ರ ಎಳ್ಕೊಳ್ಳಿ. ಆಮೇಲೆ ಉದ್ದ ಹಿಡಿಯ ಚಮಚದಲ್ಲಿ ಕೊಡಿ. ಮೊದಲ ಸಲ ಚಮಚ ನೋಡಿ ಬುಸ್ ಅನ್ನುತ್ತೆ, ಆ ಬುಸ್ಸಿನ ಉಸಿರಲ್ಲೇ ವಾಸನೆ ಒಳಗೆ ಹೋಗುತ್ತೆ, ಮೂಗು ಅಲ್ಲಾಡುತ್ತೆ, ನಾಲಿಗೆ ಒಂದು ಸಲ ಹೊರಗೆ ಬಂದು ತುಟಿ ಸವರ್ಕೊಳ್ಳುತ್ತೆ, ಕತ್ತು ಮುಂದೆ ಬರುತ್ತೆ ಆದ್ರೆ ಹಿಂಗಾಲು ಮಾತ್ರ ಓಡೋಕೆ ರೆಡಿ ಇರುತ್ತೆ. ಆ ಹಿಂಗಾಲನ್ನ ನೋಡ್ತಿರಿ, ಮುಖ ಅಲ್ಲ. ಹಿಂಗಾಲು ಸಡಿಲ ಆಗಿ ಮರಿ ಕೂತ್ಕೊಂಡು ನೆಕ್ಕೋಕೆ ಶುರು ಮಾಡಿದ ದಿನ ಚಮಚದ ಹಿಡಿ ಗಿಡ್ಡ ಮಾಡ್ತಾ ಬನ್ನಿ, ಕೊನೆಗೆ ಬೆರಳ ತುದಿ. ತಿನ್ನುವಾಗ ಇನ್ನೊಂದು ಕೈಲಿ ಭುಜದ ಹತ್ರ ಒಂದು ಸಲ ಸವರಿ, ಅದು ತಪ್ಪಿಸ್ಕೊಳ್ಳೋ ಮುಂಚೆ ನೀವೇ ಕೈ ತೆಗೀರಿ. ಕೆನ್ನೆ, ಗದ್ದ, ಕಿವಿ ಬುಡ ಇವು ಬೆಕ್ಕಿಗೆ ಇಷ್ಟದ ಜಾಗ. ಹೊಟ್ಟೆಗೆ ಕೈ ಹಾಕಬೇಡಿ, ಎಷ್ಟೇ ಮುದ್ದಾಗಿ ಕಂಡ್ರೂ.

ಒಂದು ಎಚ್ಚರ. ಹಸಿವನ್ನ ಬಳಸ್ಕೊಳ್ಳೋದು ಬೇರೆ, ಉಪವಾಸ ಕೆಡವೋದು ಬೇರೆ. ನೀವಿದ್ದಾಗ ತಿನ್ನಲೇ ಇಲ್ಲ ಅಂದ್ರೆ ತಟ್ಟೆ ಬಿಟ್ಟು ಹೊರಗೆ ಬನ್ನಿ, ನಾಳೆ ಮತ್ತೆ ನೋಡೋಣ. ಮರಿ ಒಂದು ದಿನ ಪೂರ್ತಿ ಏನೂ ಮುಟ್ಟಲಿಲ್ಲ ಅಂದ್ರೆ ಡಾಕ್ಟ್ರಿಗೆ ತೋರಿಸ್ಬೇಕು. ದೊಡ್ಡ ಬೆಕ್ಕೂ ಅಷ್ಟೇ, ಕೆಲವು ದಿನ ತಿನ್ನದೇ ಇದ್ರೆ ಬೆಕ್ಕಿನ ಲಿವರ್‌ಗೆ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತೆ.

ಆಟ ಮರೀಬೇಡಿ. ಕೋಲಿನ ತುದಿಗೆ ದಾರ, ದಾರದ ತುದಿಗೆ ಬಟ್ಟೆ ಚೂರು, ಮುಟ್ಟಿಸ್ಕೊಳ್ಳದ ಮರಿ ಕೂಡ ಇದರ ಹಿಂದೆ ಬಂದು ನಿಮ್ಮ ಕಾಲ ಮೇಲೆ ಹತ್ತಿ ಇಳಿದು ಹೋಗಿರುತ್ತೆ, ಅದಕ್ಕೇ ಗೊತ್ತಾಗಿರಲ್ಲ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದ್ರೆ ಕರುಳಿಗೆ ಸಿಕ್ಕಾಕ್ಕೊಳ್ಳುತ್ತೆ. ಮತ್ತೆ ಕೈ ಬೆರಳನ್ನೇ ಆಟದ ಸಾಮಾನು ಮಾಡ್ಬೇಡಿ, ಈಗ ಮುದ್ದು, ದೊಡ್ಡದಾದ ಮೇಲೆ ಅದೇ ಅಭ್ಯಾಸಕ್ಕೆ ತಗೊಂಡು ಹೋದವರು ವಾಪಸ್ ತಂದು ಬಿಡ್ತಾರೆ.

ಪ್ರಶ್ನೆ: ತಾಯಿ ಇಲ್ಲದ ಚಿಕ್ಕ ಮರಿ ಸಿಕ್ಕಿದೆ, ಕಣ್ಣು ಈಗಷ್ಟೇ ಬಿಟ್ಟಿದೆ. ಹಸುವಿನ ಹಾಲು ಕೊಡ್ತಿದ್ದೀವಿ, ಭೇದಿ ಆಗ್ತಿದೆ.

ಉತ್ತರ: ಹಾಲು ಇವತ್ತೇ ನಿಲ್ಸಿ, ಬೆಕ್ಕಿನ ಮರಿಗೇ ಅಂತ ಬರೋ ಹಾಲಿನ ಪುಡಿ ತನ್ನಿ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿಯುತ್ತೆ ಅಂತ ಗಾದೆ ಇದೆ ನಿಜ, ಹಸುವಿನ ಹಾಲು ಅದಕ್ಕೆ ಜೀರ್ಣ ಆಗುತ್ತೆ ಅಂತ ಗಾದೆ ಹೇಳಲ್ಲ. ಮೈ ತಣ್ಣಗಿದ್ರೆ ಮೊದಲು ಬೆಚ್ಚಗೆ ಮಾಡಿ, ತಣ್ಣಗಿರೋ ಮರಿಗೆ ಹಾಲು ಹಾಕಿದ್ರೆ ಅದು ಅರಗಲ್ಲ, ಅಪಾಯ. ಕುಡಿಸುವಾಗ ಮಗು ಥರ ಅಂಗಾತ ಮಲಗಿಸ್ಬೇಡಿ, ಹೊಟ್ಟೆ ಕೆಳಗೆ ಮಾಡಿ ಹಿಡೀರಿ, ಇಲ್ಲಾಂದ್ರೆ ಶ್ವಾಸಕ್ಕೆ ಹೋಗುತ್ತೆ. ಪ್ರತಿ ಸಲ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಿ, ಈ ವಯಸ್ಸಲ್ಲಿ ಮರಿ ತಾನಾಗೇ ಉಚ್ಚೆ ಮಾಡಲ್ಲ, ತಾಯಿ ನೆಕ್ಕಿ ಮಾಡಿಸ್ತಾಳೆ. ಭೇದಿ ಆಗ್ತಿರೋದ್ರಿಂದ ಉತ್ತರ ಓದಿ ಸುಮ್ಮನೆ ಕೂರಬೇಡಿ, ಡಾಕ್ಟ್ರ ಹತ್ರ ಹೊರಡಿ.

ಪ್ರಶ್ನೆ: ಮನೇಲಿ ಆಗ್ಲೇ ಒಂದು ಬೆಕ್ಕಿದೆ, ಐದು ವರ್ಷದ್ದು. ಫಾಸ್ಟರ್ ಮರಿ ತಂದ್ರೆ ಮೊದಲ ದಿನವೇ ಪರಿಚಯ ಮಾಡ್ಸಬಹುದಾ?

ಉತ್ತರ: ಬೇಡವೇ ಬೇಡ. ಕಡಿಮೆ ಅಂದ್ರೂ ಎರಡು ವಾರ ಬೇರೆ ರೂಮು, ಬೇರೆ ತಟ್ಟೆ, ಬೇರೆ ಲಿಟರ್ ಬಾಕ್ಸ್, ಮರಿ ಮುಟ್ಟಿದ ಮೇಲೆ ಕೈ ತೊಳೆದು ಬಟ್ಟೆ ಬದಲಾಯಿಸಿ ನಿಮ್ಮ ಬೆಕ್ಕಿನ ಹತ್ರ ಹೋಗಿ. ಚಿಗಟ, ಕಿವಿ ಹುಳ, ಹುಳುಕಡ್ಡಿ, ಹೊಟ್ಟೆ ಹುಳ ಇವೆಲ್ಲ ಕಿರಿಕಿರಿ, ಆದ್ರೆ ವಾಸಿ ಆಗುತ್ತೆ. ನಿಜವಾದ ಭಯ ಪ್ಯಾನ್‌ಲ್ಯುಕೋಪೀನಿಯ ಅನ್ನೋ ಕಾಯಿಲೆ. ಇದರ ವೈರಸ್ ನೆಲ, ಬಟ್ಟೆ, ಪಾತ್ರೆ ಮೇಲೆ ಒಂದು ವರ್ಷದವರೆಗೂ ಬದುಕಬಲ್ಲದು, ಮಾಮೂಲಿ ಫಿನಾಯಿಲ್‌ಗೆ ಬಗ್ಗಲ್ಲ, ಜೊತೆಗೆ ಫಿನಾಯಿಲ್ ಬೆಕ್ಕಿಗೇ ವಿಷ. ಮನೆ ಬ್ಲೀಚನ್ನ 1 ಪಾಲಿಗೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ಒರೆಸ್ಬೇಕು, ಅದೂ ಮರಿ ರೂಮಲ್ಲಿ ಇಲ್ಲದಾಗ, ಆಮೇಲೆ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ನಿಮ್ಮ ದೊಡ್ಡ ಬೆಕ್ಕಿನ ಲಸಿಕೆ ಬಾಕಿ ಇದ್ರೆ ಮರಿ ತರೋ ಮುಂಚೆ ಹಾಕ್ಸಿ. ಮರಿಗೆ 6-8 ವಾರಕ್ಕೆ ಲಸಿಕೆ ಶುರು, ಮೂರ್ನಾಲ್ಕು ವಾರಕ್ಕೊಂದರಂತೆ 16 ವಾರ ದಾಟೋವರೆಗೆ. ಎಫ್‌ಐವಿ, ಲ್ಯುಕೀಮಿಯ ಅನ್ನೋ, ಬೆಕ್ಕಿಂದ ಬೆಕ್ಕಿಗೆ ಹರಡೋ ಎರಡು ವೈರಸ್‌ಗಳ ಟೆಸ್ಟ್ ಬಗ್ಗೆ ಡಾಕ್ಟ್ರನ್ನ ಕೇಳಿ. ನಾಯಿಗೆ ಅಂತ ತಂದ ಚಿಗಟದ ಔಷಧಿ 'ಸ್ವಲ್ಪ ಹಚ್ಚೋಣ' ಅಂತ ಬೆಕ್ಕಿಗೆ ಹಚ್ಚಬೇಡಿ, ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ರೆ ಬೆಕ್ಕು ಸಾಯಬಹುದು.

ಎರಡು ವಾರ ಕಳೆದು ಮರಿ ಆರೋಗ್ಯವಾಗಿದ್ರೆ ಮೊದಲು ವಾಸನೆ ಪರಿಚಯ. ಇದರ ಹಾಸು ಅದರ ರೂಮಿಗೆ, ಅದರ ಹಾಸು ಇದರ ರೂಮಿಗೆ. ಆಮೇಲೆ ಮುಚ್ಚಿದ ಬಾಗಿಲ ಆಚೀಚೆ ಊಟ, ಆಮೇಲೆ ಜಾಲರಿ ಮೂಲಕ ನೋಡೋದು. ಇದರಲ್ಲಿ ಒಂದು ಲಾಭ ಇದೆ, ನಿಮ್ಮ ಬೆಕ್ಕು ಮನುಷ್ಯರ ಜೊತೆ ಸಲಿಗೆ ಇರೋದಾದ್ರೆ ಅದು ನಿಮ್ಮ ಕಾಲು ಉಜ್ಜೋದನ್ನ ನೋಡಿ ಪುಕ್ಕಲು ಮರಿಗಳು ಎಷ್ಟೋ ಬೇಗ ಧೈರ್ಯ ತಗೊಳ್ತವೆ.

ಪ್ರಶ್ನೆ: ಮರಿ ಲಿಟರ್ ಬಾಕ್ಸ್ ಬಿಟ್ಟು ಹೂವಿನ ಕುಂಡದಲ್ಲೇ ಎಲ್ಲಾ ಮಾಡುತ್ತೆ!

ಉತ್ತರ: ಅದು ಹುಟ್ಟಿ ಬೆಳೆದದ್ದು ಮಣ್ಣಲ್ಲಿ, ಸರಿಯಾಗೇ ಮಾಡ್ತಿದೆ. ಬಾಕ್ಸಿಗೆ ಅದೇ ಮಣ್ಣು ಹಾಕಿ, ದಿನಾ ಸ್ವಲ್ಪ ಮಣ್ಣು ತೆಗೆದು ಸ್ವಲ್ಪ ಲಿಟರ್ ಬೆರೆಸ್ತಾ ಹೋಗಿ. ಚಿಕ್ಕ ಮರಿ ಆದ್ರೆ ಗಟ್ಟಿ ಉಂಡೆ ಆಗೋ ಲಿಟರ್ ಬೇಡ, ತಿಂದುಬಿಡ್ತವೆ. ಬಾಕ್ಸು ಊಟದ ತಟ್ಟೆಯಿಂದ ದೂರ ಇರಲಿ. ಕುಂಡಗಳನ್ನ ಎತ್ತಿಡಿ, ಲಿಲ್ಲಿ ಗಿಡ ಇದ್ರೆ ಮನೆಯಿಂದಲೇ ಆಚೆ ಹಾಕಿ, ಅದರ ಪರಾಗ ನೆಕ್ಕಿದ್ರೂ ಬೆಕ್ಕಿನ ಕಿಡ್ನಿ ಹೋಗುತ್ತೆ.

ಪ್ರಶ್ನೆ: ಮರಿ ಹಿಡಿಯೋಕೆ ಹೋಗಿ ಹೆಬ್ಬೆರಳಿಗೆ ಕಚ್ಚಿಸ್ಕೊಂಡೆ. ಎರಡೇ ಚುಕ್ಕಿ ಗಾಯ, ಅರಿಶಿನ ಹಚ್ಚಿದೀನಿ. ಸಾಕಲ್ವಾ? ಇನ್ನೊಂದು, ನನ್ನ ಹೆಂಡತಿ ಈಗ ಬಸುರಿ, ಬೆಕ್ಕಿರೋ ಮನೇಲಿ ಇರಬಾರದು ಅಂತ ಎಲ್ಲರೂ ಹೆದರಿಸ್ತಿದ್ದಾರೆ.

ಉತ್ತರ: ಸಾಲದು. ಬೆಕ್ಕಿನ ಹಲ್ಲು ಸೂಜಿ ಥರ, ಮೇಲೆ ಚುಕ್ಕಿ, ಒಳಗೆ ಆಳ, ಕೀವು ಆಗೋದು ಬೇಗ. ಮೊದಲನೇದು ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆಯೋದು, ಎರಡನೇದು ಅವತ್ತೇ ಡಾಕ್ಟ್ರ ಹತ್ರ ಹೋಗೋದು. ಲಸಿಕೆ ಆಗಿರದ ಬೀದಿ ಬೆಕ್ಕಾದ್ರೆ ರೇಬೀಸ್ ಇಂಜೆಕ್ಷನ್ ಬೇಕಾಗುತ್ತೆ, ರೇಬೀಸ್ ಲಕ್ಷಣ ಶುರುವಾದ ಮೇಲೆ ಔಷಧಿ ಇಲ್ಲ, ಈ ವಿಷಯದಲ್ಲಿ ನಾನು ತಮಾಷೆ ಮಾಡಲ್ಲ. ನೀವು ಇನ್ನೂ ಹೋಗಿಲ್ಲ ಅಂದ್ರೆ ಈ ಪುಟ ಮಡಚಿಟ್ಟು ಈಗ ಹೋಗಿ. ಮುಂದೆ ಮರಿ ಎತ್ತುವಾಗ ದಪ್ಪ ಟವೆಲ್ ಮೇಲೆ ಹಾಕಿ ಸುತ್ತಿ ಎತ್ತಿ.

ಹೆಂಡತಿಯವರ ವಿಷಯ, ಬೆಕ್ಕನ್ನ ಓಡಿಸಬೇಕಿಲ್ಲ, ಲಿಟರ್ ಬಾಕ್ಸ್ ಕೆಲಸ ನಿಮ್ಮದಾಗಬೇಕು ಅಷ್ಟೇ. ಟಾಕ್ಸೊಪ್ಲಾಸ್ಮಾ ಅನ್ನೋ ರೋಗಾಣು ಬೆಕ್ಕಿನ ಮಲದಲ್ಲಿ ಬಂದ್ರೂ ಅದು ಬೇರೆಯವರಿಗೆ ಅಂಟೋ ಹಂತಕ್ಕೆ ಬರೋಕೆ 1ರಿಂದ 5 ದಿನ ಬೇಕು, ನೀವು ದಿನಾ ತೆಗೆದು ಕೈ ತೊಳೆದ್ರೆ ಅದಕ್ಕೆ ಆ ಟೈಮೇ ಸಿಗಲ್ಲ. ಇಬ್ಬರೂ ನಿಮ್ಮ ಡಾಕ್ಟ್ರಿಗೂ ಒಂದು ಮಾತು ಹೇಳಿರಿ.

ಪ್ರಶ್ನೆ: ನಾನು ಫಾಸ್ಟರ್ ಮಾಡಿದ ಮರಿ ನನ್ನ ಮಡಿಲಲ್ಲೇ ಮಲಗುತ್ತೆ. ಆದ್ರೆ ಅಡಾಪ್ಟ್ ಮಾಡೋಕೆ ಯಾರಾದ್ರೂ ಬಂದ್ರೆ ಮಾಯ. ಒಬ್ಬರು ತಗೊಂಡು ಹೋಗಿ ಮೂರೇ ದಿನಕ್ಕೆ 'ಮಂಚದ ಕೆಳಗಿಂದ ಬರ್ತಾನೇ ಇಲ್ಲ, ಇದು ಕಾಡು ಬೆಕ್ಕು' ಅಂತ ವಾಪಸ್ ತಂದ್ರು.

ಉತ್ತರ: ಮರಿ ಕಲಿತಿದ್ದು 'ಮನುಷ್ಯರು ಒಳ್ಳೆಯವರು' ಅಂತ ಅಲ್ಲ, 'ಈ ಒಬ್ಬಳು ಒಳ್ಳೆಯವಳು' ಅಂತ. ಫಾಸ್ಟರ್ ಕೆಲಸದ ಎರಡನೇ ಅರ್ಧ ಇದು, ಬಹಳ ಜನ ಇಲ್ಲಿಗೆ ಬರೋಷ್ಟರಲ್ಲಿ ಸುಸ್ತಾಗಿ ಬಿಟ್ಟುಬಿಡ್ತಾರೆ. ನಿಮ್ಮ ಹತ್ರ ಹೊಂದ್ಕೊಂಡ ಮೇಲೆ ಬೇರೆಬೇರೆ ಥರದವರು ಬಂದು ಊಟ ಹಾಕಬೇಕು, ಗಂಡಸರು, ಹೆಂಗಸರು, ದಪ್ಪ ದನಿಯವರು, ಕನ್ನಡಕದವರು, ಸುಮ್ಮನೆ ಕೂರೋಕೆ ಬರೋ ಮಕ್ಕಳು. ಬಂದವರು ಎತ್ಕೊಳ್ಳೋದು ಬೇಡ, ಚಮಚದಲ್ಲಿ ತಿನ್ಸಿ ಹೋಗ್ಲಿ. ಚಿಕ್ಕ ರೂಮಿಂದ ಮೆಲ್ಲಗೆ ಹಾಲಿಗೆ ಬಿಡಿ, ಮಿಕ್ಸಿ, ಟಿವಿ, ಕಾಲಿಂಗ್ ಬೆಲ್, ಕಸ ಗುಡಿಸೋದು ಇವೆಲ್ಲ ಕಿವಿಗೆ ಬೀಳ್ಬೇಕು. ಉಗುರು ಕತ್ತರಿಸೋದು, ಕಿವಿ ನೋಡೋದು, ಕ್ಯಾರಿಯರಲ್ಲಿ ಐದು ನಿಮಿಷ ಕೂರೋದು ಇವನ್ನೂ ಊಟದ ಜೊತೆ ಅಭ್ಯಾಸ ಮಾಡ್ಸಿ.

ತಗೊಂಡು ಹೋಗೋರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. 'ತುಂಬಾ ಫ್ರೆಂಡ್ಲಿ' ಅಂತ ಬರೆದು ಕಳಿಸಿದ್ರೆ ಮೂರು ದಿನಕ್ಕೆ ವಾಪಸ್ ಬರುತ್ತೆ, 'ಹೊಸ ಮನೇಲಿ ಮೊದಲ ಒಂದೆರಡು ವಾರ ಕಾಣಿಸ್ಕೊಳ್ಳಲ್ಲ, ಆಮೇಲೆ ನಿಮ್ಮ ದಿಂಬು ಅದರದ್ದು' ಅಂತ ಹೇಳಿದ್ರೆ ಕಾಯೋ ಮನಸ್ಸಿರೋರು ಮಾತ್ರ ಬರ್ತಾರೆ. ಅವರ ಮನೇಲೂ ಮೊದಲು ಒಂದೇ ರೂಮು, ನಿಮ್ಮ ಮನೆ ವಾಸನೆ ಇರೋ ಹಾಸು, ಅದೇ ಊಟ, ಅದೇ ಲಿಟರ್. ಕಿಟಕಿ ಬಾಲ್ಕನಿಗೆ ಜಾಲರಿ ಇದೆಯಾ ಅಂತ ಕಣ್ಣಾರೆ ನೋಡಿ ಬನ್ನಿ, 'ಹಾಕಿಸ್ತೀವಿ' ಅನ್ನೋ ಮಾತಿಗೆ ಮರಿ ಕೊಡ್ಬೇಡಿ. ಹೆದರಿದ ಬೆಕ್ಕು ಬಾಗಿಲು ತೆರೆದ ಅರೆಕ್ಷಣಕ್ಕೆ ಹಾರುತ್ತೆ, ಹೊಸ ಜಾಗದಲ್ಲಿ ಹಾರಿದ್ರೆ ದಾರಿ ಗೊತ್ತಿರಲ್ಲ. ಪುಕ್ಕಲು ಮರಿನ ಸಾಧ್ಯವಾದ್ರೆ ಜೋಡಿಯಾಗಿ ಕೊಡಿ, ಜೊತೆಗಾರ ಹೊರಗೆ ಬಂದು ಆಡಿದ್ರೆ ಇದೂ ಬರುತ್ತೆ. ಮತ್ತೆ ಆಪರೇಷನ್ ಮಾಡಿಸಿಯೇ ಕೊಡಿ, 4 ತಿಂಗಳಿಗೇ ಹೆಣ್ಣು ಮರಿ ಬಸುರಿ ಆಗಬಲ್ಲದು, 'ದೊಡ್ಡದಾದ ಮೇಲೆ ನಾವೇ ಮಾಡಿಸ್ತೀವಿ' ಅಂದವರಲ್ಲಿ ಎಷ್ಟು ಜನ ಮಾಡಿಸ್ತಾರೆ ಅನ್ನೋದು ನನಗೂ ಗೊತ್ತು ನಿಮಗೂ ಗೊತ್ತು.

ಪ್ರಶ್ನೆ: ಹೊರಗೆ ಸ್ವತಂತ್ರವಾಗಿರೋ ಪ್ರಾಣಿನ ಜೀವಮಾನ ಪೂರ್ತಿ ಮನೆಯೊಳಗೇ ಇಡೋದು ಕ್ರೌರ್ಯ ಅಂತಾರೆ ನಮ್ಮ ಯಜಮಾನರು.

ಉತ್ತರ: ದೊಡ್ಡ ಬೆಕ್ಕಿನ ವಿಷಯದಲ್ಲಿ ಅವರ ಮಾತಲ್ಲಿ ಅರ್ಧ ಸತ್ಯ ಇದೆ, ಮೇಲೆ ಹೇಳಿದ್ದೀನಿ. ಮರಿಯಲ್ಲೇ ಒಳಗೆ ಬಂದದ್ದಕ್ಕೆ ಹೊರಗಿನ ಸ್ವಾತಂತ್ರ್ಯ ಅಂದ್ರೆ ಗಾಡಿ, ನಾಯಿ, ಜಗಳದ ಗಾಯ. ಆದ್ರೆ ಒಳಗೆ ಬರೀ ಗೋಡೆ ಇದ್ರೆ ಯಜಮಾನರೇ ಗೆದ್ದ ಹಾಗೆ. ಹತ್ತಿ ಕೂರೋಕೆ ಎತ್ತರದ ಹಲಗೆ, ಹೊರಗೆ ನೋಡೋಕೆ ಕಿಟಕಿ, ಪರಚೋಕೆ ಹಗ್ಗ ಸುತ್ತಿದ ಕಂಬ, ಬೆಳಿಗ್ಗೆ ಸಂಜೆ ಬೇಟೆ ಥರದ ಆಟ ಮತ್ತು ಅದರ ಬೆನ್ನಿಗೇ ಊಟ. ಬೆಕ್ಕು ಚುರುಕಾಗಿರೋದು ನಸುಕಲ್ಲಿ ಮತ್ತೆ ಮುಸ್ಸಂಜೇಲಿ, ಆಗ ಆಡಿಸಿದ್ರೆ ರಾತ್ರಿ ನಿಮಗೂ ನಿದ್ದೆ. ಆಡಿಸೋ ಡ್ಯೂಟಿ ಯಜಮಾನರಿಗೇ ಕೊಡಿ.

ಪ್ರಶ್ನೆ: ಮೂರು ಮರಿ ಫಾಸ್ಟರ್ ಮಾಡಿದೆ, ಈಗ ಅತಿ ಪುಕ್ಕಲು ಕರಿ ಮರಿನ ಕೊಡೋಕೆ ಮನಸ್ಸೇ ಬರ್ತಿಲ್ಲ. ಇಟ್ಕೊಂಡ್ರೆ ತಪ್ಪಾ?

ಉತ್ತರ: ತಪ್ಪೇನಿಲ್ಲ, ಎಷ್ಟೋ ಜನ ಹೀಗೇ ಶುರು ಮಾಡಿರೋದು. ಆದ್ರೆ ಲೆಕ್ಕ ಹಾಕಿ, ಆ ಚಿಕ್ಕ ರೂಮು ಮುಂದಿನ ಮರಿಗೂ ಸಿಗುತ್ತಾ, ಹತ್ತು ಹದಿನೈದು ವರ್ಷದ ಖರ್ಚು ನಿಭಾಯಿಸ್ತೀರಾ, ನೀವು ಊರಲ್ಲಿಲ್ಲದಾಗ ನೋಡ್ಕೊಳ್ಳೋರು ಇದ್ದಾರಾ. ಎಲ್ಲದಕ್ಕೂ ಹೌದಾದ್ರೆ ಇಟ್ಕೊಳ್ಳಿ. ಇಲ್ಲ ಅಂದ್ರೆ ಅದಕ್ಕೂ ಮನೆ ಸಿಗುತ್ತೆ, ಫೋಟೋ ಮಾತ್ರ ಕಿಟಕಿ ಬೆಳಕಲ್ಲಿ, ತಿಳಿ ಬಣ್ಣದ ಬಟ್ಟೆ ಮೇಲೆ ಕೂರಿಸಿ ತೆಗೀರಿ. ನೀವು ಕಳಿಸಿರೋ ಫೋಟೋದಲ್ಲಿ ಎರಡು ಕಣ್ಣು ಬಿಟ್ರೆ ಬೇರೇನೂ ಕಾಣಿಸ್ತಿಲ್ಲ.